ಲ್ಯಾರಿ ರಾಬಿನ್ಸನ್ ಕೋಚ್ ಆಗಿಯೂ ದೊಡ್ಡವರಾ?

ಪ್ರಶ್ನೆ: ನಾವು ಕೊಡಗಿನವರು, ಈಗ ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಊರಲ್ಲಿ ನಾನು ಹಾಕಿ ಆಡುತ್ತಿದ್ದೆ, ಫುಲ್ ಬ್ಯಾಕ್ ಆಗಿ. ಐಸ್ ಹಾಕಿಯನ್ನು ಸರಿಯಾಗಿ ನೋಡಿದ್ದು ಇಲ್ಲಿಗೆ ಬಂದ ಮೇಲೆಯೇ. ಹನ್ನೊಂದು ವರ್ಷದ ಮಗನನ್ನು ಈ ಸಲ ಕೋಚ್ ಫಾರ್ವರ್ಡ್‌ನಿಂದ ಡಿಫೆನ್ಸ್‌ಗೆ ಹಾಕಿದ್ದಾರೆ. ಅವನಿಗೆ ಬೇಜಾರು. ಕೋಚ್ ಹಿಂದೆ ತಾವೇ ವೃತ್ತಿಪರ ಡಿಫೆನ್ಸ್ ಆಟಗಾರರು. 'ಲ್ಯಾರಿ ರಾಬಿನ್ಸನ್ ಕಥೆ ಓದಿ' ಅಂದರು. ಆಟಗಾರನಾಗಿ ಅವರು ದೊಡ್ಡವರು ಅಂತ ಗೊತ್ತಾಯಿತು. ಕೋಚ್ ಆಗಿಯೂ ಅಷ್ಟೇ ದೊಡ್ಡವರಾ? ಡಿಫೆನ್ಸ್ ಆಡಿದವರು ಕೋಚ್ ಆಗುವುದು ಯಾಕೆ? ಮಗನಿಗೆ ಇದು ಹಿಂಬಡ್ತಿಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಖಂಡಿತ ಹಿಂಬಡ್ತಿ ಅಲ್ಲ. ರಾಬಿನ್ಸನ್ ಕೂಡ ಹುಡುಗನಾಗಿದ್ದಾಗ ಫಾರ್ವರ್ಡ್ ಆಡುತ್ತಿದ್ದವರೇ. ಬ್ರಾಕ್‌ವಿಲ್‌ನ ಕಿರಿಯರ ತಂಡದಲ್ಲಿ ಅವರನ್ನು ಹಿಂದಕ್ಕೆ ಹಾಕಿದರು. ಅಲ್ಲಿಂದ ಅವರ ಬದುಕೇ ಬದಲಾಯಿತು. ನಿಮ್ಮ ಕೋಚ್ ಆ ಹೆಸರನ್ನು ಸುಮ್ನೆ ಹೇಳಿಲ್ಲ.

ಕೋಚ್ ಆಗಿ ದೊಡ್ಡವರಾ ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ನನ್ನ ಅಭಿಪ್ರಾಯ ಹೀಗಿದೆ. ಮುಖ್ಯ ಕೋಚ್ ಆಗಿ ರಾಬಿನ್ಸನ್ ಒಂದು ಸ್ಟ್ಯಾನ್ಲಿ ಕಪ್ (ಐಸ್ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ ಪಟ್ಟ) ಗೆದ್ದರು, ಆದರೆ ಆ ಕೆಲಸ ಅವರನ್ನು ಸುಟ್ಟುಹಾಕಿತು. ಸಹಾಯಕ ಕೋಚ್ ಆಗಿ, ಡಿಫೆನ್ಸ್ ಹುಡುಗರಿಗೆ ಕಲಿಸುವ ಗುರುವಾಗಿ, ಅವರಷ್ಟು ಒಳ್ಳೆಯವರು ಎನ್‌ಎಚ್‌ಎಲ್‌ನಲ್ಲಿ ಬಹಳ ಕಡಿಮೆ. ಜನ ಮೊದಲನೆಯದನ್ನು ಸಾಧನೆ ಅಂತಾರೆ, ಎರಡನೆಯದನ್ನು ನೌಕರಿ ಅಂತಾರೆ. ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಜಾಗದ ಬಗ್ಗೆ. ನೀವು ಫುಲ್ ಬ್ಯಾಕ್ ಆಡಿದವರು, ಹಾಗಾಗಿ ಅರ್ಧ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ ಇನ್ನರ್ಧ ಬೋರ್ಡುಗಳದ್ದು. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ಗೋಡೆ. ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಸುಲಭವಾಗಿ ಆಚೆ ಹೋಗುವುದಿಲ್ಲ. ಗೋಲಿನ ಹಿಂದೆಯೂ ಜಾಗ ಇದೆ, ಅಲ್ಲೂ ಆಟ ನಡೆಯುತ್ತದೆ. ಎದುರಾಳಿ ಪಕ್ಕನ್ನು ನಿಮ್ಮ ಮೂಲೆಗೆ ಎಸೆದು ಓಡಿ ಬರುತ್ತಾನೆ. ಅದನ್ನು ಎತ್ತಲು ಡಿಫೆನ್ಸ್ ಆಟಗಾರ ಗೋಡೆಯ ಕಡೆ ಮುಖ ಮಾಡಿ ಹೋಗಬೇಕು. ಬೆನ್ನಿಗೆ ನೂರು ಕೆಜಿಯ ಒಬ್ಬ ಮನುಷ್ಯ ಪೂರ್ತಿ ವೇಗದಲ್ಲಿ ಬರುತ್ತಿರುತ್ತಾನೆ. ಪಕ್ ಮುಟ್ಟಿದ ಮೇಲೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಹೋಗುತ್ತಿರುವಾಗಲೇ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡಿ, ಯಾರು ಎಲ್ಲಿದ್ದಾರೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು, ಪಾಸ್ ಯಾರಿಗೆ ಅಂತ ತೀರ್ಮಾನ ಮಾಡಿರಬೇಕು. ಇದು ಒಂದು ಪಂದ್ಯದಲ್ಲಿ ಹತ್ತಾರು ಸಲ.

ಉಳಿದ ಹೊತ್ತು ಅವನು ಹಿಂದಕ್ಕೆ ಸ್ಕೇಟ್ ಮಾಡುತ್ತಿರುತ್ತಾನೆ. ಇಡೀ ಆಟ ಅವನ ಕಣ್ಣ ಮುಂದೆ. ಎದುರಾಳಿಗಳು ಐವರು, ತನ್ನವರು ನಾಲ್ವರು, ಎಲ್ಲರೂ ಕಾಣುತ್ತಾರೆ. ಬೆಂಚಿನ ಹಿಂದೆ ನಿಂತ ಕೋಚ್ ನೋಡುವುದೂ ಸುಮಾರಾಗಿ ಅದನ್ನೇ. ಜೊತೆಗೆ ಡಿಫೆನ್ಸ್ ಆಡುವವರು ಜೋಡಿಯಾಗಿ ಆಡುತ್ತಾರೆ. ಒಂದು ಪಂದ್ಯಕ್ಕೆ ಆರು ಜನ, ಮೂರು ಜೋಡಿ. ಜೊತೆಗಾರ ಮುಂದೆ ಹೋದರೆ ನೀನು ಹಿಂದೆ ಉಳಿಯಬೇಕು. ಅವನ ತಪ್ಪನ್ನು ನೀನು ಮುಚ್ಚಬೇಕು. ಹದಿನೈದು ವರ್ಷ ಇನ್ನೊಬ್ಬನ ಆಟವನ್ನು ಓದುತ್ತಾ ಆಡಿದವನಿಗೆ ಕೋಚಿಂಗ್‌ನ ಅರ್ಧ ಪಾಠ ಆಗಲೇ ಆಗಿರುತ್ತದೆ.

ಆದರೂ ಡಿಫೆನ್ಸ್ ಆಡಿದವರೆಲ್ಲ ಒಳ್ಳೆಯ ಕೋಚ್ ಆಗಿಬಿಡುತ್ತಾರೆ ಅನ್ನುವುದು ತಪ್ಪು. ಇತಿಹಾಸದಲ್ಲೇ ಅತಿ ಹೆಚ್ಚು ಗೆದ್ದ ಕೋಚ್ ಸ್ಕಾಟಿ ಬೌಮನ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ನೋಟ ಇದ್ದರೆ ಸಾಲದು, ಅದನ್ನು ಇನ್ನೊಬ್ಬನಿಗೆ ದಾಟಿಸಲು ಬರಬೇಕು. ದೊಡ್ಡ ಆಟಗಾರರು ಎಡವುವುದು ಇಲ್ಲೇ. ತಮಗೆ ಸಹಜವಾಗಿ ಬಂದದ್ದನ್ನು ಬಿಡಿಸಿ ಹೇಳಲು ಅವರಿಗೆ ಆಗುವುದಿಲ್ಲ. ರಾಬಿನ್ಸನ್‌ಗೆ ಆಯಿತು. ಕಾರಣ ಅವರ ಶುರುವಿನ ವರ್ಷಗಳಲ್ಲಿದೆ ಅಂತ ನಾನು ನಂಬುತ್ತೇನೆ.

ಅವರು ಹುಟ್ಟಿದ್ದು 1951ರಲ್ಲಿ, ನೀವಿರುವ ಒಂಟಾರಿಯೊ ಪ್ರಾಂತದಲ್ಲೇ, ವಿಂಚೆಸ್ಟರ್ ಎಂಬ ಊರಲ್ಲಿ. ಬೆಳೆದದ್ದು ಮಾರ್ವೆಲ್‌ವಿಲ್ ಎಂಬ ಹಳ್ಳಿಯ ಹತ್ತಿರ ಹೈನುಗಾರಿಕೆ ಮಾಡುವ ತೋಟದಲ್ಲಿ. ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1971ರಲ್ಲಿ, ಮಾಂಟ್ರಿಯಲ್ ಕೆನೇಡಿಯನ್ಸ್ ಅವರನ್ನು ಇಪ್ಪತ್ತನೆಯವರಾಗಿ ಆರಿಸಿತು. ಅದೇ ವರ್ಷ ಅದೇ ತಂಡ ಮೊದಲನೆಯವನಾಗಿ ಆರಿಸಿದ್ದು ಗೀ ಲಫ್ಲೋರ್‌ನನ್ನು. ಪತ್ರಿಕೆಗಳೆಲ್ಲ ಲಫ್ಲೋರ್ ಕಡೆ ನೋಡಿದವು. ಆತ ನೇರವಾಗಿ ಮಾಂಟ್ರಿಯಲ್‌ಗೆ ಹೋದ. ಉದ್ದ ಕೈಕಾಲಿನ, ಆರಡಿ ನಾಲ್ಕು ಅಂಗುಲದ ರಾಬಿನ್ಸನ್‌ನನ್ನು ಹ್ಯಾಲಿಫ್ಯಾಕ್ಸ್‌ಗೆ ಕಳಿಸಿದರು. ಅಲ್ಲಿ ಕೆನೇಡಿಯನ್ಸ್‌ನ ಎರಡನೇ ತಂಡ ನೋವಾ ಸ್ಕೋಷಿಯಾ ವಾಯೇಜರ್ಸ್ ಇತ್ತು.

ಅಲ್ಲಿ ಕೋಚ್ ಯಾರು ಗೊತ್ತಾ? ಆಲ್ ಮೆಕ್‌ನೀಲ್. ಆತ ಕೂಡ ಎನ್‌ಎಚ್‌ಎಲ್‌ನಲ್ಲಿ ಡಿಫೆನ್ಸ್ ಆಡಿದವರು. 1971ರಲ್ಲಿ ಮಾಂಟ್ರಿಯಲ್‌ಗೆ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಮೇಲೂ ಹ್ಯಾಲಿಫ್ಯಾಕ್ಸ್‌ಗೆ ಬಂದು ಹುಡುಗರನ್ನು ತಯಾರು ಮಾಡುವ ಕೆಲಸ ಹಿಡಿದವರು. 1972ರಲ್ಲಿ ಆ ತಂಡ ಎರಡನೇ ದರ್ಜೆಯ ಲೀಗ್‌ನ ಕಾಲ್ಡರ್ ಕಪ್ ಗೆದ್ದಿತು. ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬರಿದ್ದರು, ಕ್ಲೋಡ್ ರುಯೆಲ್. ಹರೆಯದಲ್ಲೇ ಆಟದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಎಳೆಯ ಡಿಫೆನ್ಸ್ ಹುಡುಗರನ್ನು ಐಸ್ ಮೇಲೆ ಉಳಿಸಿಕೊಂಡು ಮತ್ತೆ ಮತ್ತೆ ಪಾಸ್ ಮಾಡಿಸುತ್ತಿದ್ದರು, ತಿರುಗಿಸುತ್ತಿದ್ದರು, ಹಿಂದಕ್ಕೆ ಓಡಿಸುತ್ತಿದ್ದರು. ಅವರ ಕೈಯಲ್ಲಿ ಪಳಗಿದವರಲ್ಲಿ ರಾಬಿನ್ಸನ್ ಒಬ್ಬರು.

ಅಂದರೆ ರಾಬಿನ್ಸನ್ ಕಲಿತು ಆದ ಆಟಗಾರ. ತುಂಡು ತುಂಡಾಗಿ ಕಲಿತದ್ದನ್ನು ತುಂಡು ತುಂಡಾಗಿ ಕಲಿಸಲೂ ಆಗುತ್ತದೆ. ಅವರ ಮುಂದಿನ ನಲವತ್ತು ವರ್ಷಗಳಿಗೆ ಬೀಜ ಇಲ್ಲಿದೆ.

1973ರ ಜನವರಿಯಲ್ಲಿ ಮಾಂಟ್ರಿಯಲ್‌ನಿಂದ ಕರೆ ಬಂತು. ಅದೇ ವಸಂತದಲ್ಲಿ ಮೊದಲ ಸ್ಟ್ಯಾನ್ಲಿ ಕಪ್. ಆಮೇಲೆ 1976ರಿಂದ 1979ರವರೆಗೆ ಸತತ ನಾಲ್ಕು. ಆರನೆಯದು 1986ರಲ್ಲಿ. ಸೆರ್ಜ್ ಸವಾರ್, ಗೀ ಲಪ್ವಾಂತ್, ರಾಬಿನ್ಸನ್, ಈ ಮೂವರನ್ನು 'ಬಿಗ್ ತ್ರೀ' ಅಂತ ಕರೆಯುತ್ತಿದ್ದರು. ಕೋಚ್ ಅದೇ ಸ್ಕಾಟಿ ಬೌಮನ್. 1976-77ರಲ್ಲಿ ಆ ತಂಡ 80 ಪಂದ್ಯಗಳಲ್ಲಿ 60 ಗೆದ್ದಿತು, 12 ಸಮ ಮಾಡಿಕೊಂಡಿತು, ಸೋತದ್ದು ಬರೀ 8.

ಆ ವರ್ಷ ರಾಬಿನ್ಸನ್ ಅವರ ಪ್ಲಸ್-ಮೈನಸ್ 120. ಇದನ್ನು ಬಿಡಿಸಿ ಹೇಳುತ್ತೇನೆ, ಮಗನ ಲೀಗ್‌ನಲ್ಲೂ ನಿಮಗೆ ಈ ಮಾತು ಕೇಳಿಸುತ್ತದೆ. ನೀವು ಐಸ್ ಮೇಲಿದ್ದಾಗ ನಿಮ್ಮ ತಂಡ ಗೋಲು ಹೊಡೆದರೆ ನಿಮಗೆ ಒಂದು ಕೂಡುತ್ತದೆ, ಎದುರಾಳಿ ಹೊಡೆದರೆ ಒಂದು ಕಳೆಯುತ್ತದೆ. ಎದುರಾಳಿಯ ಒಬ್ಬ ಶಿಕ್ಷೆಗಾಗಿ ಹೊರಗಿರುವ ಹೊತ್ತಲ್ಲಿ, ಅಂದರೆ ಪವರ್ ಪ್ಲೇನಲ್ಲಿ, ಹೊಡೆದ ಗೋಲು ಲೆಕ್ಕಕ್ಕಿಲ್ಲ. 120ಕ್ಕಿಂತ ಜಾಸ್ತಿ ಮಾಡಿದವರು ಎನ್‌ಎಚ್‌ಎಲ್ ಇತಿಹಾಸದಲ್ಲಿ ಒಬ್ಬರೇ, 1970-71ರಲ್ಲಿ 124 ಮಾಡಿದ ಬಾಬಿ ಆರ್. ಇಡೀ ವೃತ್ತಿಯ ಲೆಕ್ಕದಲ್ಲಿ ರಾಬಿನ್ಸನ್ 700ಕ್ಕೂ ಮೇಲೆ. ಆ ದಾಖಲೆ ಇನ್ನೂ ಅವರದ್ದೇ. ತಂಡ ಬಲವಾಗಿದ್ದರೆ ಈ ಅಂಕಿ ಉಬ್ಬುತ್ತದೆ, ನಿಜ. ಹಾಗಿದ್ದರೂ ಅದೇ ತಂಡದಲ್ಲಿ ಉಳಿದವರೂ ಇದ್ದರು ತಾನೇ?

1,384 ಪಂದ್ಯ, 208 ಗೋಲು, 750 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್). ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಪ್ರಶಸ್ತಿ ಎರಡು ಸಲ, 1977 ಮತ್ತು 1980ರಲ್ಲಿ. 1978ರ ಪ್ಲೇ ಆಫ್‌ನ (ಸೀಸನ್ ಕೊನೆಗೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳು) ಅತ್ಯುತ್ತಮ ಆಟಗಾರ ಕೂಡ ಅವರೇ. ನನಗೆ ಇವೆಲ್ಲಕ್ಕಿಂತ ಇಷ್ಟವಾದ ಅಂಕಿ ಇನ್ನೊಂದಿದೆ. ಅವರು ಆಡಿದ್ದು 20 ಸೀಸನ್. ಇಪ್ಪತ್ತರಲ್ಲೂ ಅವರ ತಂಡ ಪ್ಲೇ ಆಫ್‌ಗೆ ಹೋಯಿತು. ಒಂದು ವರ್ಷವೂ ತಪ್ಪಲಿಲ್ಲ. ಮಾಂಟ್ರಿಯಲ್‌ನಲ್ಲಿ ಹದಿನೇಳು, ಕೊನೆಯ ಮೂರು ಲಾಸ್ ಏಂಜಲೀಸ್ ಕಿಂಗ್ಸ್‌ನಲ್ಲಿ, ಆ ಕಾಲದ ಅತಿ ದೊಡ್ಡ ತಾರೆ ವೇಯ್ನ್ ಗ್ರೆಟ್ಸ್ಕಿ ಜೊತೆ.

ಮಗನಿಗೆ ಹೇಳಲು ಒಂದು ಕಥೆ ಬೇಕಾದರೆ ಇದನ್ನು ಹೇಳಿ. 1976ರ ಫೈನಲ್, ಎದುರಾಳಿ ಫಿಲಡೆಲ್ಫಿಯಾ ಫ್ಲೈಯರ್ಸ್. ಹಿಂದಿನ ಎರಡೂ ವರ್ಷ ಕಪ್ ಗೆದ್ದ, ಹೊಡೆದಾಟಕ್ಕೆ ಹೆಸರಾದ ತಂಡ. ರಾಬಿನ್ಸನ್ ಆ ತಂಡದ ಗ್ಯಾರಿ ಡಾರ್ನ್‌ಹೋಫರ್‌ನನ್ನು ಎಷ್ಟು ಜೋರಾಗಿ ಬೋರ್ಡಿಗೆ ಗುದ್ದಿದರು ಅಂದರೆ ಬೋರ್ಡೇ ಒಳಕ್ಕೆ ಹೋಯಿತು. ಆಟ ನಿಲ್ಲಿಸಿ, ಕೆಲಸಗಾರರು ಸುತ್ತಿಗೆ ತಂದು ಅದನ್ನು ಸರಿ ಮಾಡಿದರು. ಫೈನಲ್‌ನಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್, ಮಾಂಟ್ರಿಯಲ್ ನಾಲ್ಕಕ್ಕೆ ನಾಲ್ಕೂ ಗೆದ್ದಿತು. ಅಷ್ಟು ಬಲ ಇದ್ದೂ ರಾಬಿನ್ಸನ್ ಹೊಡೆದಾಟದ ಆಟಗಾರ ಆಗಲಿಲ್ಲ. ಪಕ್ ಕಸಿದುಕೊಳ್ಳುವುದು, ಒಳ್ಳೆಯ ಪಾಸ್ ಕೊಡುವುದು, ಇದೇ ಅವರ ಕಸುಬು.

1992ರಲ್ಲಿ ನಿವೃತ್ತಿ. 1993ರಲ್ಲಿ ನ್ಯೂಜರ್ಸಿ ಡೆವಿಲ್ಸ್‌ಗೆ ಹೊಸ ಕೋಚ್ ಬಂದರು, ಜಾಕ್ ಲೆಮೇರ್. ಮಾಂಟ್ರಿಯಲ್‌ನ ಆ ದೊಡ್ಡ ತಂಡದಲ್ಲಿ ರಾಬಿನ್ಸನ್ ಜೊತೆಗೇ ಆಡಿದವರು. ಹಳೆಯ ಗೆಳೆಯನನ್ನು ಸಹಾಯಕನಾಗಿ ಕರೆದುಕೊಂಡರು. ಡಿಫೆನ್ಸ್ ಇಡಿಯಾಗಿ ರಾಬಿನ್ಸನ್ ಕೈಗೆ ಬಂತು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಸಹಾಯಕ ಕೋಚ್ ಮಾಡುವ ಕೆಲಸ ಟಿವಿಯಲ್ಲಿ ಕಾಣುವುದಿಲ್ಲ. ಪಂದ್ಯದ ಹೊತ್ತಲ್ಲಿ ಡಿಫೆನ್ಸ್ ಜೋಡಿಗಳನ್ನು ಬದಲಿಸುವುದು ಅವನು. ಒಂದು ಶಿಫ್ಟ್, ಅಂದರೆ ಒಂದು ಜೋಡಿ ಒಮ್ಮೆಗೆ ಐಸ್ ಮೇಲಿರುವ ಹೊತ್ತು, ಮುಕ್ಕಾಲು ನಿಮಿಷದ ಆಸುಪಾಸು, ಹಾಗಾಗಿ ಒಂದು ಕ್ಷಣವೂ ಬಿಡುವಿಲ್ಲ. ಎದುರಾಳಿಯ ಒಳ್ಳೆಯ ಫಾರ್ವರ್ಡ್‌ಗಳು ಇಳಿದಾಗ ತನ್ನ ಒಳ್ಳೆಯ ಜೋಡಿ ಇಳಿದಿರಬೇಕು. ತಪ್ಪು ಮಾಡಿ ಬಂದವನು ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಾಗ ಅವನ ಕಿವಿಯಲ್ಲಿ ಎರಡು ಮಾತು ಹೇಳುವುದು ಇವನು. ಮರುದಿನ ವಿಡಿಯೊ ಹಾಕಿ 'ಈ ಹೊತ್ತಿಗೆ ನಿನ್ನ ಕೋಲು ಎಲ್ಲಿರಬೇಕಿತ್ತು' ಅಂತ ತೋರಿಸುವುದೂ ಇವನೇ. ಮುಖ್ಯ ಕೋಚ್ ಬೈದರೆ ಸಮಾಧಾನ ಮಾಡುವುದು ಕೂಡ.

ಆ ಮೊದಲ ಸೀಸನ್‌ನಲ್ಲಿ ಡೆವಿಲ್ಸ್‌ನ ಡಿಫೆನ್ಸ್ ಆಟಗಾರ ಸ್ಕಾಟ್ ಸ್ಟೀವನ್ಸ್‌ಗೆ ಏನಾಯಿತು ನೋಡಿ. ಅವರು ಆಗಲೇ ಹೆಸರಾಂತ ಆಟಗಾರ, ಲೀಗ್‌ನಲ್ಲೇ ಭಯ ಹುಟ್ಟಿಸುವ ಗುದ್ದು. 1993-94ರಲ್ಲಿ ಅವರು ಗೋಲು, ಅಸಿಸ್ಟ್ ಎರಡೂ ಸೇರಿ 78 ಅಂಕ ಮಾಡಿದರು, ಪ್ಲಸ್ 53. ಅದು ಅವರ ಇಡೀ ವೃತ್ತಿಯ ಅತ್ಯುತ್ತಮ ಸೀಸನ್, ನಾರಿಸ್ ಪ್ರಶಸ್ತಿಗೆ ರೇ ಬೋರ್ಕ್ ನಂತರ ಎರಡನೆಯವರು. ಇನ್ನೊಬ್ಬ ಸ್ಕಾಟ್ ನೀಡರ್‌ಮೇಯರ್. ಆ ಹುಡುಗನ ಓಟ ನೀರು ಹರಿದ ಹಾಗೆ. ಅಂಥವನನ್ನು ಲೆಮೇರ್ ಅವರ ಬಿಗಿ ಕಟ್ಟುಪಾಡಿನ ಆಟದೊಳಗೆ ಒಗ್ಗಿಸಬೇಕು, ಅವನ ಓಟವನ್ನೂ ಕೊಲ್ಲಬಾರದು. ಯಾವಾಗ ಹೋಗಬೇಕು, ಯಾವಾಗ ಉಳಿಯಬೇಕು ಅನ್ನುವುದೇ ಪಾಠ. ಸ್ವತಃ ಹಾಗೆ ಮುಂದೆ ಹೋಗಿ ಗೋಲು ಹೊಡೆದು, ಹಿಂದೆಯೂ ಕಾದವರಲ್ಲದೆ ಇನ್ಯಾರು ಇದನ್ನು ಕಲಿಸಲು ಸಾಧ್ಯ?

1995ರ ಫೈನಲ್‌ನ ಎರಡನೇ ಪಂದ್ಯ. ಇಪ್ಪತ್ತೊಂದು ವರ್ಷದ ನೀಡರ್‌ಮೇಯರ್ ಪಕ್ ಹಿಡಿದು ರಿಂಕ್‌ನ ಉದ್ದಕ್ಕೂ ಓಡಿ, ಡೆಟ್ರಾಯ್ಟ್‌ನ ಡಿಫೆನ್ಸ್ ಆಟಗಾರ ಪಾಲ್ ಕಾಫಿಯನ್ನು ದಾಟಿ, ತನ್ನ ಹೊಡೆತ ಹಿಂದಿನ ಬೋರ್ಡಿಗೆ ಬಡಿದು ವಾಪಸ್ ಬಂದಾಗ ತಾನೇ ಅದನ್ನು ಒಳಗೆ ಹಾಕಿದ. ಡೆವಿಲ್ಸ್ 4-0ಯಿಂದ ಫೈನಲ್ ಗೆದ್ದಿತು. ಆ ತಂಡಕ್ಕೆ ಅದು ಮೊದಲ ಕಪ್. ಸೋತ ಡೆಟ್ರಾಯ್ಟ್ ತಂಡದ ಕೋಚ್ ಸ್ಕಾಟಿ ಬೌಮನ್. ಕೆನೇಡಿಯನ್ಸ್‌ನ ಇಬ್ಬರು ಹಳೆಯ ಶಿಷ್ಯರು ಗುರುವನ್ನೇ ಸೋಲಿಸಿದ್ದರು.

ಅದರ ಬೆನ್ನಿಗೇ ಕಿಂಗ್ಸ್ ರಾಬಿನ್ಸನ್ ಅವರನ್ನು ಮುಖ್ಯ ಕೋಚ್ ಮಾಡಿತು. ನಾಲ್ಕು ಕಷ್ಟದ ವರ್ಷಗಳು. 1996ರ ಫೆಬ್ರವರಿಯಲ್ಲಿ ಗ್ರೆಟ್ಸ್ಕಿಯನ್ನೇ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಪ್ಲೇ ಆಫ್ ಸಿಕ್ಕಿದ್ದು ಒಂದೇ ಸಲ, 1998ರಲ್ಲಿ ಸೇಂಟ್ ಲೂಯಿಸ್ ವಿರುದ್ಧ. ಅದರ ಮೂರನೇ ಪಂದ್ಯದಲ್ಲಿ ಕಿಂಗ್ಸ್ 3-0 ಮುಂದಿತ್ತು. ಸೇಂಟ್ ಲೂಯಿಸ್‌ನ ಜೆಫ್ ಕೋರ್ಟ್‌ನಲ್ ಕಿಂಗ್ಸ್ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದ. ಕಿಂಗ್ಸ್‌ನ ಡಿಫೆನ್ಸ್ ಆಟಗಾರ ಶಾನ್ ಒಡೊನೆಲ್ ಸಿಟ್ಟಿನಿಂದ ಅವನ ಮೇಲೆ ಬಿದ್ದ. ಐದು ನಿಮಿಷದ ಶಿಕ್ಷೆ, ಅಷ್ಟು ಹೊತ್ತು ಕಿಂಗ್ಸ್‌ಗೆ ಒಬ್ಬ ಕಡಿಮೆ. ಆ ಹೊತ್ತಲ್ಲೇ ಸೇಂಟ್ ಲೂಯಿಸ್ ನಾಲ್ಕು ಗೋಲು ಹೊಡೆದು ಪಂದ್ಯ ಗೆದ್ದಿತು, ಸರಣಿಯನ್ನೂ. ಇಪ್ಪತ್ತು ವರ್ಷ ಇಂಥ ಹೊತ್ತಲ್ಲಿ ತಾನೇ ಇಳಿದು ಆಟ ತಡೆದು ನಿಲ್ಲಿಸಿದ ಮನುಷ್ಯ, ಈಗ ಕೋಟು ಹಾಕಿಕೊಂಡು ಬೆಂಚಿನ ಹಿಂದೆ ನಿಂತು ನೋಡಬೇಕಾಯಿತು. ಕೋಚ್ ಆಗುವ ಪ್ರತಿಯೊಬ್ಬ ಆಟಗಾರನಿಗೂ ಅತಿ ಕಷ್ಟದ ಭಾಗ ಇದೇ.

1999ರಲ್ಲಿ ಕೆಲಸ ಹೋಯಿತು. ಮತ್ತೆ ಡೆವಿಲ್ಸ್, ಮತ್ತೆ ಸಹಾಯಕ. 2000ದ ಮಾರ್ಚ್‌ನಲ್ಲಿ, ಸೀಸನ್ ಮುಗಿಯಲು ಎಂಟೇ ಪಂದ್ಯ ಇದ್ದಾಗ, ಡೆವಿಲ್ಸ್ ಕೋಚ್ ರಾಬಿ ಫ್ಟೊರೆಕ್ ಅವರನ್ನು ತೆಗೆದು ರಾಬಿನ್ಸನ್‌ಗೆ ತಂಡ ಒಪ್ಪಿಸಿದರು. ಫೈನಲ್‌ಗೆ ಮುಂಚಿನ ಸುತ್ತಾದ ಕಾನ್ಫರೆನ್ಸ್ ಫೈನಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಡೆವಿಲ್ಸ್ 3-1 ಹಿಂದೆ ಬಿತ್ತು. ಆಗ ಶಾಂತ ಸ್ವಭಾವದ ರಾಬಿನ್ಸನ್ ಡ್ರೆಸಿಂಗ್ ರೂಮಿನಲ್ಲಿ ಸಿಡಿದರು. ಕಸದ ಡಬ್ಬಿ ಹಾರಿತು. ದಿನಾ ಕೂಗುವ ಕೋಚ್ ಕೂಗಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಯಾವತ್ತೂ ಕೂಗದ ಮನುಷ್ಯ, ಅದೂ ಆರು ಕಪ್ ಗೆದ್ದವನು ಕೂಗಿದ. ಡೆವಿಲ್ಸ್ ಮುಂದಿನ ಮೂರೂ ಪಂದ್ಯ ಗೆದ್ದಿತು. ಫೈನಲ್‌ನಲ್ಲಿ ಡಲಾಸ್ ಮೇಲೆ ಆರನೇ ಪಂದ್ಯದ ಎರಡನೇ ಓವರ್‌ಟೈಮ್‌ನಲ್ಲಿ ಜೇಸನ್ ಆರ್ನಾಟ್ ಹೊಡೆದ ಗೋಲಿನಿಂದ ಕಪ್ ಬಂತು.

ಮುಂದಿನ ವರ್ಷವೂ ಫೈನಲ್. ಕೊಲರಾಡೊ ಮೇಲೆ 3-2 ಮುಂದಿದ್ದು, ಕೊನೆಯ ಎರಡನ್ನೂ ಸೋತರು. 2002ರ ಜನವರಿಯಲ್ಲಿ ಅವರನ್ನು ತೆಗೆದರು. 2005ರಲ್ಲಿ ಕೋಚ್ ಪ್ಯಾಟ್ ಬರ್ನ್ಸ್ ಕ್ಯಾನ್ಸರ್‌ನಿಂದಾಗಿ ಬಿಟ್ಟಾಗ ಮತ್ತೆ ಇವರನ್ನೇ ಕೂರಿಸಿದರು. ಆ ಡಿಸೆಂಬರ್‌ನಲ್ಲಿ ರಾಬಿನ್ಸನ್ ತಾವಾಗಿಯೇ ರಾಜೀನಾಮೆ ಕೊಟ್ಟರು. ಒತ್ತಡ, ತಲೆನೋವು, ಸೋಲನ್ನು ಮನೆಗೂ ಹೊತ್ತುಕೊಂಡು ಹೋಗುವ ಸ್ವಭಾವ. ಅದನ್ನು ಅವರು ಮುಚ್ಚಿಡಲಿಲ್ಲ. ಗಂಡಸರು ಇಂಥದ್ದನ್ನು ಬಾಯಿ ಬಿಟ್ಟು ಹೇಳದ ಆಟದಲ್ಲಿ, ಬೋರ್ಡು ಮುರಿದ ಮನುಷ್ಯ 'ಇದು ನನ್ನಿಂದ ಆಗುತ್ತಿಲ್ಲ' ಅಂತ ಎದ್ದು ಹೋದದ್ದನ್ನು ನಾನು ಸೋಲು ಅಂತ ಎಣಿಸುವುದಿಲ್ಲ. ತನಗೆ ಯಾವ ಕೆಲಸ ಹೊಂದುತ್ತದೆ ಅಂತ ಅವರು ತಿಳಿದುಕೊಂಡಿದ್ದರು.

ಯಾಕೆಂದರೆ ಕಲಿಸುವುದನ್ನು ಅವರು ಬಿಡಲೇ ಇಲ್ಲ. 2003ರಲ್ಲಿ ಡೆವಿಲ್ಸ್ ಮತ್ತೆ ಕಪ್ ಗೆದ್ದಾಗ ಅದೇ ಸಂಸ್ಥೆಯಲ್ಲಿ ಇನ್ನೊಂದು ಕೆಲಸದಲ್ಲಿದ್ದರು. 2012ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್‌ಗೆ ಸಹ ಕೋಚ್ ಆಗಿ ಹೋದರು. ಆಮೇಲೆ ಸೇಂಟ್ ಲೂಯಿಸ್ ಬ್ಲೂಸ್‌ಗೆ ಸಲಹೆಗಾರ. 2019ರ ಜನವರಿ ಶುರುವಿನಲ್ಲಿ ಲೀಗ್‌ನ ತಳದಲ್ಲಿದ್ದ ಆ ತಂಡ ಜೂನ್‌ನಲ್ಲಿ ತನ್ನ ಮೊದಲ ಕಪ್ ಎತ್ತಿತು. ಆಡುತ್ತಾ ಆರು, ಆಡುವುದು ಬಿಟ್ಟ ಮೇಲೆ ನಾಲ್ಕು, ಒಟ್ಟು ಹತ್ತು ಕಪ್. ಆ ನಾಲ್ಕರಲ್ಲಿ ಮುಖ್ಯ ಕೋಚ್ ಆಗಿ ಒಂದೇ.

ರಾಬಿನ್ಸನ್ ದಾರಿಯೇ ಎಲ್ಲರ ದಾರಿ ಅಂದುಕೊಳ್ಳಬೇಡಿ. ಆಲ್ ಆರ್ಬರ್ ಅಂತ ಒಬ್ಬರಿದ್ದರು. ಕನ್ನಡಕ ಹಾಕಿಕೊಂಡೇ ಎನ್‌ಎಚ್‌ಎಲ್‌ನಲ್ಲಿ ಡಿಫೆನ್ಸ್ ಆಡಿದವರು, ತಾರೆ ಏನಲ್ಲ. ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಮುಖ್ಯ ಕೋಚ್ ಆಗಿ 1980ರಿಂದ 1983ರವರೆಗೆ ಸತತ ನಾಲ್ಕು ಕಪ್ ಗೆದ್ದರು. ಆ ತಂಡಕ್ಕೆ ಅವರು ಕೋಚ್ ಆದ ಪಂದ್ಯಗಳು 1,499ಕ್ಕೆ ನಿಂತಿದ್ದವು. 2007ರ ನವೆಂಬರ್‌ನಲ್ಲಿ, ಎಪ್ಪತ್ತೈದನೇ ವಯಸ್ಸಿನಲ್ಲಿ, ಅವರನ್ನು ಒಂದೇ ಪಂದ್ಯಕ್ಕೆ ಕರೆಸಿ 1,500 ಮಾಡಿಸಿದರು. ಆ ಪಂದ್ಯವನ್ನೂ ಗೆದ್ದರು! ಈಗಿನವರಲ್ಲಿ ಜ್ಯಾರೆಡ್ ಬೆಡ್ನರ್ ಇದ್ದಾರೆ. ಕೆಳಗಿನ ಲೀಗ್‌ಗಳಲ್ಲೇ ಡಿಫೆನ್ಸ್ ಆಡಿ ಮುಗಿಸಿದವರು, ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವೂ ಇಲ್ಲ. ತಾವು ಆಡಿದ ಸೌತ್ ಕ್ಯಾರೊಲಿನಾ ಸ್ಟಿಂಗ್‌ರೇಸ್ ತಂಡದಲ್ಲೇ ಕೋಚಿಂಗ್ ಶುರು ಮಾಡಿ 2009ರಲ್ಲಿ ಆ ಲೀಗ್‌ನ ಕಪ್ ಗೆದ್ದರು, 2016ರಲ್ಲಿ ಕಾಲ್ಡರ್ ಕಪ್, 2022ರಲ್ಲಿ ಕೊಲರಾಡೊ ಜೊತೆ ಸ್ಟ್ಯಾನ್ಲಿ ಕಪ್. ಆದರೆ ಕೊಲರಾಡೊದಲ್ಲಿ ಅವರ ಮೊದಲ ಸೀಸನ್‌ನಲ್ಲಿ ತಂಡ 82ರಲ್ಲಿ 22 ಮಾತ್ರ ಗೆದ್ದಿತ್ತು. ಅಂಥ ವರ್ಷವನ್ನು ನುಂಗಿಕೊಂಡು ಮರುದಿನ ಬೆಳಗ್ಗೆ ಮತ್ತೆ ಕೆಲಸಕ್ಕೆ ಬರುವ ಗುಣ ಮುಖ್ಯ ಕೋಚ್‌ಗೆ ಬೇಕು. ಅದು ಆಟದ ಜಾಣತನದಿಂದ ಬರುವುದಲ್ಲ.

ಈಗ ನಿಮ್ಮ ಮಗನ ವಿಷಯ. ಕೆನಡಾದಲ್ಲಿ ಅವನ ವಯಸ್ಸಿನ ಗುಂಪಿನಲ್ಲಿ ಮೈಗೆ ಮೈ ಗುದ್ದುವ ಬಾಡಿ ಚೆಕ್ ಇಲ್ಲ. ಹಾಗಾಗಿ ಈ ವರ್ಷಗಳನ್ನು ಕಾಲಿಗೂ ಕಣ್ಣಿಗೂ ಕೊಡಬಹುದು. ಹಿಂದಕ್ಕೆ ಸ್ಕೇಟ್ ಮಾಡುವುದು, ಎದುರಾಳಿಯಿಂದ ಒಂದು ಕೋಲಿನಷ್ಟು ದೂರ ಬಿಟ್ಟುಕೊಂಡು ಹೋಗುವುದು, ಮೂಲೆಗೆ ಹೋಗುವ ಮುಂಚೆ ಭುಜದ ಮೇಲಿಂದ ನೋಡುವುದು. ಈ ಮೂರು ಸಾಕು. ನೀವು ಸ್ಟ್ಯಾಂಡಿನಿಂದ ನೋಡುವಾಗ ಪಕ್ ಮೇಲೆ ಕಣ್ಣಿಡಬೇಡಿ, ಅವನ ತಲೆ ನೋಡಿ. ಪಕ್ ಮುಟ್ಟುವ ಮುಂಚೆ ತಲೆ ತಿರುಗಿದರೆ ಕಲಿಯುತ್ತಿದ್ದಾನೆ ಅಂತ ಅರ್ಥ, ಆಮೇಲೆ ಕೊಟ್ಟ ಪಾಸ್ ತಪ್ಪಿದರೂ ಪರವಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಫುಲ್ ಬ್ಯಾಕ್ ಅನುಭವ ಅಡ್ಡ ಬರಬಹುದು. ಇಲ್ಲಿ ಡಿಫೆನ್ಸ್ ಆಟಗಾರ ಎದುರಾಳಿಯ ಬ್ಲೂ ಲೈನ್ (ಅವರ ವಲಯ ಶುರುವಾಗುವ ನೀಲಿ ಗೆರೆ) ತನಕ ಹೋಗಿ ನಿಲ್ಲುತ್ತಾನೆ, ಗೋಲಿಗೆ ಹೊಡೆಯುತ್ತಾನೆ, ಕೆಲವು ಸಲ ಇನ್ನೂ ಮುಂದೆ ನುಗ್ಗುತ್ತಾನೆ. ಮಗ ಹಾಗೆ ಮುಂದೆ ಹೋದಾಗ 'ವಾಪಸ್ ಬಾ' ಅಂತ ಕೂಗಬೇಡಿ. ಫಾರ್ವರ್ಡ್ ಆಗಿದ್ದಾಗ ಕಲಿತದ್ದು ಅಲ್ಲಿ ಅವನಿಗೆ ಕೆಲಸಕ್ಕೆ ಬರುತ್ತದೆ. ಯಾವಾಗ ಹೋಗಬೇಕು ಅನ್ನುವುದನ್ನು ಕೋಚ್‌ಗೆ ಬಿಡಿ. ಡಿಫೆನ್ಸ್ ಆಡಿದವರಾದ್ದರಿಂದ ಆ ಪಾಠ ಅವರಿಗೆ ಗೊತ್ತಿರುತ್ತದೆ. ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ಜಾಸ್ತಿ ಉಳಿಸಿಕೊಳ್ಳುತ್ತೀರಾ ಅಂತ ಒಂದು ಸಲ ಅವರನ್ನು ಕೇಳಿ ನೋಡಿ.